ಚುಕ್ಕೆ ಬಿದ್ದ ಜಾಗ

ಗುಡ್ಡದ ಪಂಪ್‌ಹೌಸ್
ಫೆಬ್ರವರಿ 9

ನಕ್ಷೆ ಆಫೀಸಿನ ಅಮ್ಮಾವ್ರಿಗೆ,

ನೀನೂ ಚಿಣ್ಣಿಯೂ ಬಸ್ಸು ಹತ್ತಿದ ಮೇಲೆ ನಾನು ಬರೆಯುತ್ತಿರುವ ಮೊದಲ ಕಾಗದ ಇದು. ಬಾವಿಯ ಫುಟ್‌ವಾಲ್ವ್ ಕೆಟ್ಟಿತ್ತು, ಅದಕ್ಕೇ ತಡವಾಯಿತು ಎಂದು ಶುರು ಮಾಡಬಹುದಿತ್ತು. ವಾಲ್ವ್ ಕೆಟ್ಟಿದ್ದು ನಿಜ. ಅದನ್ನು ಒಂದೇ ಬೆಳಿಗ್ಗೆಯಲ್ಲಿ ಸರಿಮಾಡಿದ್ದೂ ನಿಜ. ಮಿಕ್ಕ ದಿನಗಳಲ್ಲಿ ಕಾಗದ ಎದುರಿಗಿಟ್ಟುಕೊಂಡು ಸುಮ್ಮನೆ ಕೂತಿದ್ದೆ.

ಶಾಲೆಯ ಬೆಂಚುಗಳನ್ನೆಲ್ಲ ಲಾರಿಗೆ ತುಂಬಿಕೊಂಡು ಹೋದರು. ಎಲ್ಲಿಗೆ ಎಂದು ಡ್ರೈವರನಿಗೂ ಸರಿಯಾಗಿ ಗೊತ್ತಿರಲಿಲ್ಲ. ಮೊದಲು ಕ್ವಾರಿ ಹೋಯಿತು, ಅದರ ಹಿಂದೆ ಟೆಲಿಫೋನು ಹೋಯಿತು, ಮಕ್ಕಳು ಸಾಲದೆಂದು ಶಾಲೆ ಹೋಯಿತು, ಶಾಲೆಯ ಹಿಂದೆ ನೀವಿಬ್ಬರು ಹೋದಿರಿ. ತಪ್ಪು ಎನ್ನುತ್ತಿಲ್ಲ. ಎಂಟು ವರ್ಷದ ಮಗಳನ್ನು ಓದಿಸದೆ ಇಟ್ಟುಕೊಳ್ಳುವ ಹಾಗಿರಲಿಲ್ಲ. ಕ್ವಾರಿಯ ನಕ್ಷೆ ಬರೆದ ಕೈ ನಿನ್ನದು, ಜನಗಣತಿಯವರಿಗೆ ಅಂಥ ಕೈ ಬೇಕಿತ್ತು. ಹೋಗು ಅಂದವನು ನಾನೇ. ಪಂಪ್ ನೋಡಿಕೊಳ್ಳಲು ಇನ್ನೊಬ್ಬರು ಸಿಕ್ಕ ಕೂಡಲೇ ನಾನೂ ಬರುತ್ತೇನೆ ಅಂದವನೂ ನಾನೇ. ಇನ್ನೊಬ್ಬರು ಸಿಕ್ಕಿಲ್ಲ. ನಾನು ಮೋಟರ್ ನಿಲ್ಲಿಸಿ ಹೊರಟರೆ ಮೇಲಿನ ಟ್ಯಾಂಕು ಮಾರನೆಯ ದಿನಕ್ಕೆ ಖಾಲಿ. ಇಲ್ಲಿ ಉಳಿದವರಲ್ಲಿ ಅರ್ಧ ಜನಕ್ಕೆ ಬಾವಿಗೆ ಇಳಿದು ಹತ್ತುವ ಶಕ್ತಿಯಿಲ್ಲ.

ನೆನ್ನೆ ಜನಗಣತಿಯ ಹುಡುಗಿ ಬಂದಿದ್ದಳು. ಪಾಪ, ಕೆಳಗಿನಿಂದ ನಡೆದೇ ಬಂದಿದ್ದಳು, ನೀರು ಕೊಟ್ಟೆ.

"ಮನೇಲಿ ಎಷ್ಟು ಜನ?"

"ಮೂರು."

ಅವಳು ಒಳಗೆ ಇಣುಕಿದಳು. ಒಂದು ತಟ್ಟೆ, ಒಂದು ಲೋಟ ಬೋರಲಾಗಿ ಒಣಗುತ್ತಿದ್ದವು.

"ಇನ್ನಿಬ್ಬರು?"

"ಬರ್ತಾರೆ."

"ಇವತ್ತಾ?"

"ಮೋಟರ್ ಬಿಸಿಯಾಗಿರುತ್ತೆ, ನೋಡಿ ಬರ್ತೀನಿ" ಅಂತ ಎದ್ದು ಹೋದೆ. ವಾಪಸು ಬರುವ ಹೊತ್ತಿಗೆ ಮೂರು ಅಂತಲೇ ಬರೆದುಕೊಂಡಿದ್ದಳು. ಆಮೇಲೆ ನೆರೆಮನೆಯ ಸಿಡಿಮದ್ದಿನ ಮಾವನ ಹತ್ತಿರ ಹೋದಳಂತೆ. ಕ್ವಾರಿಯಲ್ಲಿ ಬಂಡೆ ಸಿಡಿಸಿ ಸಿಡಿಸಿ ಮಾವನ ಬಲಗಿವಿ ಹೋಗಿದೆಯಲ್ಲ, ವಯಸ್ಸೆಷ್ಟು ಎಂದು ಎಡಗಿವಿಯ ಹತ್ತಿರ ಕೂಗಿದಳು. "ನನಗೆ ಎಪ್ಪತ್ತು. ನಮ್ಮನೆಯವಳಿಗೆ ಮಾತ್ರ ಐವತ್ತಾದ ಮೇಲೆ ವಯಸ್ಸಾಗೋದು ನಿಂತೋಯ್ತು. ನೀನು ಐವತ್ತು ಅಂತಲೇ ಬರಕೋ ತಾಯಿ, ನಾನು ರಾತ್ರಿ ಊಟ ಮಾಡಬೇಕು" ಅಂದರಂತೆ.

ಚಿಣ್ಣಿಯ ಹಗ್ಗದಾಟದ ಹಗ್ಗ ಬಾಗಿಲ ಹಿಂದೆಯೇ ಉಳಿದಿದೆ. ಕಳಿಸಲೇ, ಇರಲೇ?

ಇಂತಿ,
ಪಂಪಿನವನು


ನಗರ
ಮಾರ್ಚ್ 2

ಪಂಪ್‌ಹೌಸಿನ ದೊರೆಗಳಿಗೆ,

ಹಗ್ಗ ಕಳಿಸಬೇಡಿ. ಇಲ್ಲಿ ಹಗ್ಗ ತಿರುಗಿಸುವಷ್ಟು ಜಾಗವಿಲ್ಲ.

ಮಹಡಿಯ ಮೇಲೆ ಒಂದು ಕೋಣೆ. ಕಿಟಕಿ ತೆರೆದರೆ ಎದುರುಮನೆಯವರ ಒಲೆ ಕಾಣುತ್ತದೆ. ಅವರ ಹಾಲು ಉಕ್ಕಿದರೆ ಕೂಗಿ ಹೇಳುವವಳು ನಾನೇ. ಮೆಟ್ಟಿಲ ಬುಡದಲ್ಲಿ ಒಂದು ನಲ್ಲಿ, ಅದಕ್ಕೆ ನಾಲ್ಕು ಸಂಸಾರ. ನೀರು ಬರುವ ಹೊತ್ತಿಗೆ ಕೊಡಗಳು ನಮಗಿಂತ ಮುಂಚೆ ಸಾಲಿನಲ್ಲಿ ನಿಂತಿರುತ್ತವೆ. ಗುಡ್ಡದಲ್ಲಿ ನಾನು ಒಂದು ದಿನವೂ ನೀರಿಗೆ ಕಾದವಳಲ್ಲ. ನಿಮ್ಮ ಬೆಲೆ ಇಲ್ಲಿಗೆ ಬಂದ ಮೇಲೆ ತಿಳಿಯಿತು ಎಂದು ಬರೆದರೆ ಉಬ್ಬಿ ಹೋಗುತ್ತೀರಿ, ಆದ್ದರಿಂದ ಬರೆಯುವುದಿಲ್ಲ.

ನನ್ನ ಕೆಲಸ ಚುಕ್ಕೆ ಇಡುವುದು. ನಗಬೇಡಿ. ದೇಶದ ಜನ ಎಲ್ಲೆಲ್ಲಿ ಹೇಗೆ ಹರಡಿದ್ದಾರೆ ಎಂದು ತೋರಿಸುವ ನಕ್ಷೆ ಅದು. ಐವತ್ತು ಜನರಿಗೆ ಒಂದು ಚುಕ್ಕೆ. ನಮ್ಮ ಓಣಿಯ ಸುತ್ತ ಚುಕ್ಕೆಯ ಮೇಲೆ ಚುಕ್ಕೆ ಬಿದ್ದು ಮಸಿ ಚೆಲ್ಲಿದ ಹಾಗಾಗುತ್ತದೆ. ನಿಮ್ಮ ಕಡೆಗೆ ಬಂದರೆ ಹಾಳೆ ಬೆಳ್ಳಗಿದೆ, ಅಲ್ಲಿ ಕೈಗೆ ಸ್ವಲ್ಪ ವಿಶ್ರಾಂತಿ. ಐವತ್ತು ತುಂಬದ ಪುಟ್ಟ ಪುಟ್ಟ ವಸತಿಗಳನ್ನು ಏನು ಮಾಡುವುದು ಎಂದು ನಮ್ಮ ಮೇಲ್ವಿಚಾರಕಿಯನ್ನು ಕೇಳಿದೆ. "ಎರಡು ಮೂರು ಸೇರಿಸಿ ಐವತ್ತು ಮಾಡಮ್ಮ, ಮಧ್ಯದಲ್ಲಿ ಎಲ್ಲಾದ್ರೂ ಒಂದು ಚುಕ್ಕೆ ಇಡು" ಅಂದರು. "ಆ ಮಧ್ಯದಲ್ಲಿ ಯಾರೂ ಇರಲ್ಲವಲ್ಲ ಮೇಡಂ?" ಅಂದೆ. "ಚುಕ್ಕೆ ಅಂದ್ರೆ ಮನೆ ಅಲ್ಲ ಕಣಮ್ಮ, ಲೆಕ್ಕ" ಅಂದರು. ಒಳ್ಳೆಯ ಹೆಂಗಸು, ಕನ್ನಡಕ ಹಣೆಯ ಮೇಲಿಟ್ಟುಕೊಂಡು ಕನ್ನಡಕ ಹುಡುಕುತ್ತಿರುತ್ತಾರೆ.

ಈಗ ಒಂದು ವಿಷಯ. ನಮ್ಮ ಮನೆಗೂ ಗಣತಿಯವರು ಬಂದಿದ್ದರು. ನಾನೂ ಮೂರು ಅಂದೆ. ಪಕ್ಕದಲ್ಲೇ ಮನೆಯೊಡತಿ ನಿಂತಿದ್ದಳು. "ಮೂರನೆಯವರು ಎಲ್ಲಮ್ಮಾ? ನಾನು ನೋಡೇ ಇಲ್ಲ!" ಅಂದಳು. "ನೋಡಿದ್ರೆ ಬಾಡಿಗೆ ಏರಿಸ್ತೀರ ಅಂತ ಬಚ್ಚಿಟ್ಟಿದೀನಿ" ಅಂದೆ.

ಹೀಗೆ ನಮ್ಮ ಸಂಸಾರದಲ್ಲಿ ಈಗ ಆರು ಜನ. ನಾನು ಆ ಆಫೀಸಿನಲ್ಲೇ ಕೂತು ಮಾಡಿದ ತಪ್ಪು ಇದು, ನಿಯಮ ಗೊತ್ತಿಲ್ಲವೆಂದು ಹೇಳುವಂತಿಲ್ಲ. ಕಳೆದ ಆರು ತಿಂಗಳು ಒಂದು ಕಡೆ ಇದ್ದವರು, ಇಲ್ಲವೇ ಮುಂದಿನ ಆರು ತಿಂಗಳು ಅಲ್ಲಿ ಇರಬೇಕೆಂದುಕೊಂಡವರು, ಅಲ್ಲಿನ ನಿವಾಸಿಗಳು. 'ಇರಬೇಕೆಂದುಕೊಂಡವರು' ಎಂಬ ಮಾತನ್ನು ಸರಕಾರಿ ಕಾಗದದಲ್ಲಿ ನಾನು ನೋಡಿದ್ದು ಇದೇ ಮೊದಲು. ನೀವು ಏನೆಂದುಕೊಂಡಿದ್ದೀರಿ ಎಂದು ಕೇಳಬೇಕೆಂದಿದ್ದೆ. ಬಿಡಿ, ನಾನು ದೀಪಕ್ಕೆ ಅಡ್ಡ ಕೂತಿದ್ದೇನೆಂದು ಚಿಣ್ಣಿ ಗೊಣಗುತ್ತಿದ್ದಾಳೆ.

ನಿಮ್ಮ,
ಚುಕ್ಕೆಯವಳು


ಗುಡ್ಡದ ಪಂಪ್‌ಹೌಸ್
ಮಾರ್ಚ್ 28

ಚುಕ್ಕೆಯಮ್ಮನಿಗೆ,

ನಿನ್ನ ಕಾಗದವನ್ನು ಮಾವನಿಗೆ ಓದಿ ಹೇಳಿದೆ, ಕೆಲವು ಸಾಲು ಬಿಟ್ಟು. "ಬಿಟ್ಟ ಸಾಲು ಓದು, ಎಡಗಿವಿ ಚೆನ್ನಾಗಿದೆ" ಅಂದರು.

ಲಾರಿಯವರು ಶಾಲೆಯಲ್ಲಿ ಬಿಟ್ಟುಹೋದ ದೊಡ್ಡ ತರಗತಿಯ ಪುಸ್ತಕವೊಂದು ಸಿಕ್ಕಿತು. ವಯಸ್ಸಿನ ಪ್ರಕಾರ ಜನರನ್ನು ಸಾಲು ಸಾಲಾಗಿ ಒಂದರ ಮೇಲೊಂದು ಪೇರಿಸಿದ ಚಿತ್ರ ಅದರಲ್ಲಿದೆ. ಕೂಸುಗಳು ಬುಡದಲ್ಲಿ, ಮುದುಕರು ತುದಿಯಲ್ಲಿ, ಗೋಪುರದ ಹಾಗೆ. ಕೆಲಸವಿಲ್ಲದ ಮಧ್ಯಾಹ್ನ ನಮ್ಮ ಗುಡ್ಡದ್ದೂ ಒಂದು ಬರೆದೆ. ತಲೆ ಅಗಲ, ಸೊಂಟ ಸಣ್ಣ, ಬುಡ ಒಂದು ಮೊಳೆಯಷ್ಟು. ಗೋಪುರವಾಗಲಿಲ್ಲ, ಬುಗುರಿಯಾಯಿತು. ಸೂಲಗಿತ್ತಿ ಅಜ್ಜಿಗೆ ತೋರಿಸಿದೆ. "ಬುಗುರಿ ತಿರುಗೋವರೆಗೆ ನಿಂತಿರುತ್ತೆ ಬಿಡಪ್ಪ" ಅಂದಳು. ಈ ಗುಡ್ಡದಲ್ಲಿ ಹುಟ್ಟಿದವರೆಲ್ಲ ಅವಳ ಕೈಗೇ ಬಿದ್ದವರು. ಈಗ ಆ ಕೈಗೆ ಕೆಲಸವಿಲ್ಲ.

ಹೋದವರು ಯಾಕೆ ಹೋದರು ಎಂದೂ ಅದೇ ಪುಸ್ತಕದಲ್ಲಿದೆ. ಇರುವ ಜಾಗ ತಳ್ಳುತ್ತದಂತೆ, ಹೋಗುವ ಜಾಗ ಎಳೆಯುತ್ತದಂತೆ. ಸರಿಯಾಗಿಯೇ ಇದೆ. ತಳ್ಳಿದರೂ ಹೋಗದವರು, ಎಳೆದರೂ ಹೋಗಲಾರದವರು ಯಾವ ಪುಟದಲ್ಲಿದ್ದಾರೆ ಎಂದು ಹುಡುಕಿದೆ. ಆ ಪಾಠ ಅದಕ್ಕೂ ಮುಂದಿನ ತರಗತಿಗೆ ಇರಬೇಕು.

ಮುಖ್ಯ ವಿಷಯಕ್ಕೆ ಬರುತ್ತೇನೆ. ವಿದ್ಯುತ್ ಕಚೇರಿಯಿಂದ ನೋಟಿಸು ಬಂದಿದೆ. ಈ ಗಣತಿಯಲ್ಲಿ ಐವತ್ತಕ್ಕಿಂತ ಕಡಿಮೆ ಜನ ಬಂದ ಜಾಗವನ್ನು ಇನ್ನು ವಸತಿ ಎಂದು ಪರಿಗಣಿಸುವುದಿಲ್ಲ, ಅಲ್ಲಿಗೆ ಎಳೆದ ಕರೆಂಟಿನ ಲೈನು ತೆಗೆಯುತ್ತಾರೆ. ಕರೆಂಟಿಲ್ಲದಿದ್ದರೆ ಪಂಪಿಲ್ಲ, ಪಂಪಿಲ್ಲದಿದ್ದರೆ ಗುಡ್ಡವೇ ಇಲ್ಲ. ಎಲ್ಲರೂ ನಮ್ಮ ಜಗಲಿಯಲ್ಲಿ ಕೂತು ಬೆರಳು ಮಡಿಸಿದೆವು. ನೀವಿಬ್ಬರು ಸೇರಿದರೆ ಐವತ್ತೊಂದು. ಬಿಟ್ಟರೆ ನಲವತ್ತೊಂಬತ್ತು.

ಮಾವ ತೊಡೆ ತಟ್ಟಿಕೊಂಡು ನಕ್ಕರು. "ಊರು ಬಿಟ್ಟು ಹೋಗಿ ಊರು ಉಳಿಸಿದೋರು ಅಂದ್ರೆ ನಿನ್ನ ಹೆಂಡ್ತಿ ಮಗಳೇ ಕಣಯ್ಯ!"

ಮೂರು ಎಂದು ಹೇಳುವಾಗ ನನಗೆ ಇದು ಗೊತ್ತಿರಲಿಲ್ಲ. ಬಾಯಿಗೆ ಬಂದದ್ದು ಹೇಳಿದೆ, ಅದು ನನಗೆ ನಿಜವಾಗಿಯೇ ಕಂಡಿತ್ತು. ಈಗ ಆ ಸಂಖ್ಯೆಯ ಮೇಲೆ ಇಷ್ಟೆಲ್ಲ ನಿಂತಿದೆ. ಲೈನು ಉಳಿದರೆ ನಾನು ಇಲ್ಲಿ ಉಳಿಯುತ್ತೇನೆ. ಲೈನು ಹೋದರೆ ನಿಮ್ಮ ಹತ್ತಿರ ಬರುತ್ತೇನೆ. ನಿನಗೆ ಯಾವುದು ಬೇಕು ಎಂದು ಮಾತ್ರ ಕೇಳಬೇಡ. ಅಜ್ಜಿಯ ಮುಖ ನೋಡುತ್ತ ಅದಕ್ಕೆ ಉತ್ತರ ಬರೆಯಲಾರೆ.

ಇಂತಿ,
ಪಂಪಿನವನು


ನಗರ
ಏಪ್ರಿಲ್ 15

ದೊರೆಗಳಿಗೆ,

ಕೇಳುವುದಿಲ್ಲ. ಆದರೆ ಸಮಯ ನಮ್ಮ ಕೈಯಲ್ಲಿಲ್ಲ. ಎಣಿಕೆ ಸರಿಯಿದೆಯೇ ಎಂದು ಕೆಲವು ಬೀದಿಗಳನ್ನು ಆರಿಸಿ ಮತ್ತೊಮ್ಮೆ ಮನೆಮನೆ ನೋಡುತ್ತಾರೆ. ಆರಿಸಿದ ಬೀದಿಗಳಲ್ಲಿ ನಮ್ಮ ಓಣಿಯೂ ಇದೆ. ಮೇಲ್ವಿಚಾರಕಿ ನಮ್ಮನ್ನೆಲ್ಲ ನಿಲ್ಲಿಸಿ, "ನಮ್ಮ ಮನೇ ಲೆಕ್ಕ ತಪ್ಪಿದ್ರೆ ಮೊದಲು ಅದನ್ನ ಸರಿ ಮಾಡಿಸ್ಕೊಳ್ಳಿ. ಊರಿಗೆಲ್ಲ ಚುಕ್ಕೆ ಇಟ್ಟು ನಮ್ಮ ಹಣೇಲಿ ಮಸಿ ಬೇಡ" ಅಂದರು. ನಾನು ಪೆನ್ನಿನ ನಿಬ್ಬು ಒರೆಸುತ್ತ ನಿಂತಿದ್ದೆ.

ನಿಮ್ಮನ್ನು ಇಲ್ಲಿಂದ ತೆಗೆಸುವುದು ಸುಲಭ, ನೀವು ಇಲ್ಲಿಗೆ ಕಾಲಿಟ್ಟೇ ಇಲ್ಲ. ನಾನು, ಚಿಣ್ಣಿ ಎರಡು ಕಡೆ ಇದ್ದೇವೆ, ಒಂದು ಕಡೆ ಹೊಡೆದು ಹಾಕಿಸಬೇಕು. ಇಲ್ಲಿನದನ್ನು ಮುಂದಿನ ತಿಂಗಳು ಮನೆಗೆ ಬರುವವರಿಗೆ ಹೇಳಬಹುದು. ಅಲ್ಲಿನದಕ್ಕೆ ನಾವು ಬಸ್ಸು ಬದಲಾಯಿಸುವ ಕೂಡುರಸ್ತೆಯ ಗಣತಿ ಕಚೇರಿಗೆ ಹೋಗಬೇಕು. ನೀವು ಅವಸರ ಮಾಡಬೇಡಿ. ನಾನು ಯೋಚಿಸಿ ಬರೆಯುತ್ತೇನೆ.

ಚಿಣ್ಣಿ ಚೆನ್ನಾಗಿ ಓದುತ್ತಿದ್ದಾಳೆ. ರಸ್ತೆ ದಾಟುವುದು ಕಲಿತಿದ್ದಾಳೆ. ನನ್ನ ಕೈ ಹಿಡಿದು ಅವಳೇ ದಾಟಿಸುತ್ತಾಳೆ. ಮೊನ್ನೆ ಗೆಳತಿಯ ಹತ್ತಿರ ಏನೋ ಹೇಳುತ್ತಿದ್ದಳು, ನಾನು ಬಟ್ಟೆ ಹಿಂಡುತ್ತಿದ್ದೆ. "ಅಪ್ಪನ ಮನೇಲಿ ಬಾಗಿಲು ತೆಗೆದ್ರೆ ಆಕಾಶನೇ ಕಾಣ್ಸುತ್ತೆ" ಅಂದಳು. ಬಂದ ಹೊಸದರಲ್ಲಿ 'ನಮ್ಮನೇಲಿ' ಅನ್ನುತ್ತಿದ್ದಳು.

ಇಷ್ಟೇ ಸಮಾಚಾರ.

ನಿಮ್ಮ,
ಚುಕ್ಕೆಯವಳು


ಗುಡ್ಡದ ಪಂಪ್‌ಹೌಸ್
ಮೇ 6

ಅಮ್ಮಾವ್ರಿಗೆ,

ಅವಸರ ಮಾಡಬೇಡಿ ಎಂದು ನೀನು ಬರೆದಿದ್ದೆ. ನಾನು ಮಾಡಿದೆ. ಕೂಡುರಸ್ತೆಗೆ ಹೋಗಿ, ನಮ್ಮ ಮನೆಯಲ್ಲಿ ಇರುವವನು ಒಬ್ಬನೇ ಎಂದು ಬರೆಸಿ ಬಂದೆ.

'ಅಪ್ಪನ ಮನೆ' ಎಂದು ಓದಿದ ಮೇಲೆ ಆ ದಿನ ಟ್ಯಾಂಕು ತುಂಬಿ ಉಕ್ಕಿ ಹರಿದರೂ ನನಗೆ ಗೊತ್ತಾಗಲಿಲ್ಲ. ಅಜ್ಜಿ ಬಂದು ಸ್ವಿಚ್ಚು ತೆಗೆದಳು. ಬಾಗಿಲ ಹಿಂದೆ ಹಗ್ಗ ನೇತುಹಾಕಿಕೊಂಡು ಮೂರು ಜನ ಎನ್ನುತ್ತ ಕೂತರೆ, ಇನ್ನೊಂದು ವರ್ಷಕ್ಕೆ ಅವಳು 'ಅಪ್ಪನ ಊರು' ಅನ್ನುತ್ತಾಳೆ. ಆಮೇಲೆ 'ಅಪ್ಪ ಅಂತ ಒಬ್ಬರಿದ್ದರು' ಎನ್ನುವುದಕ್ಕೆ ಎಷ್ಟು ಹೊತ್ತು?

ಹೇಳದೆ ಮಾಡುವುದು ಸರಿಯಲ್ಲವೆಂದು ಎಲ್ಲರನ್ನೂ ಪಂಪ್‌ಹೌಸಿನ ಹತ್ತಿರ ಕರೆದೆ. "ನನ್ನ ಮನೆ ಲೆಕ್ಕ ಸರಿ ಮಾಡಿಸ್ತೀನಿ. ನಲವತ್ತೊಂಬತ್ತಾಗುತ್ತೆ. ಲೈನ್ ಹೋಗುತ್ತೆ. ಬೈಯೋರು ಈಗಲೇ ಬೈಯಿರಿ" ಅಂದೆ.

ಯಾರೂ ಬೈಯಲಿಲ್ಲ. ಮಾವ ಅವರತ್ತ ಇವರತ್ತ ನೋಡಿ, ನನ್ನ ಕಡೆ ತಿರುಗಿದರು. "ಅಲ್ಲಯ್ಯ, ನಾವೇನು ನಿನ್ನ ನೀರು ಕುಡಿಯೋಕೆ ಇಲ್ಲಿ ಕೂತಿದೀವಿ ಅಂದ್ಕೊಂಡ್ಯಾ? ಮಗಳ ಮನೆಗೆ ಬನ್ನಿ ಅಂತ ನನ್ನ ಅಳಿಯ ಮೂರು ಸಲ ಕರೆದ. ಹೆಂಡ್ತಿ ಮಗಳು ಹೋದ್ರು, ನಾವೂ ಹೋದ್ರೆ ಇವನೊಬ್ಬನೇ ಯಾರಿಗೆ ಅಂತ ನೀರೆತ್ತಾನೆ ಅಂತ ಇದೀವಿ."

ಅಜ್ಜಿಗೆ ಸಿಟ್ಟೇ ಬಂತು. "ಕ್ವಾರಿ ನಿಂತಾಗಲೇ ಹೇಳಿದ್ರೆ ನನ್ನ ಮಂಡಿನಾದ್ರೂ ಗಟ್ಟಿ ಇರ್ತಿತ್ತು. ಇಳಿಯೋಕೆ ಈಗ ನನ್ನನ್ನ ಹೊತ್ಕೊಂಡು ಹೋಗೋದು ನೀನೇ."

ಅವರಿಗೋಸ್ಕರ ನಾನು, ನನಗೋಸ್ಕರ ಅವರು. ಇದನ್ನು ಒಂದು ಮಾತು ಆಡಿ ಮುಗಿಸಬಹುದಿತ್ತು. ಒಬ್ಬರ ಮನಸ್ಸು ನೋಯಿಸಬಾರದು ಎಂದು ಎಲ್ಲರೂ ಗುಡ್ಡದ ಮೇಲೆ ಕೂತಿದ್ದೆವು.

ಲೈನು ತೆಗೆಯುವ ತನಕ ಮೋಟರ್ ನಡೆಸುತ್ತೇನೆ. ಆಮೇಲೆ ನಿಮ್ಮ ಆ ಒಂದು ಕೋಣೆಗೆ ಬರುತ್ತೇನೆ. ಮನೆಯೊಡತಿಗೆ ಹೇಳು, ಬಚ್ಚಿಟ್ಟವನು ಸಿಕ್ಕಿಬಿದ್ದ ಎಂದು.

ಇಂತಿ,
ಬರುವವನು


ನಗರ
ಮೇ 8

ದೊರೆಗಳಿಗೆ,

ನಿಮ್ಮ ಕಾಗದವಿಲ್ಲ. ಬಂದಿದ್ದರೆ ಇದನ್ನು ಬರೆಯುವುದು ಇನ್ನೂ ಕಷ್ಟವಾಗುತ್ತಿತ್ತೇನೋ.

ಮರುಪರಿಶೀಲನೆಯವರು ಬಂದಿದ್ದರು. ಗಂಡಸು, ಮಿತಭಾಷಿ, ಮೆಟ್ಟಿಲು ಹತ್ತಿ ಏದುಸಿರು ಬಿಡುತ್ತಿದ್ದರು.

"ಇಲ್ಲಿ ಮೂರು ಜನ ಅಂತಿದೆ."

"ತಪ್ಪು ಬರೆಸಿದ್ದೆ. ನಮ್ಮ ಮನೆ ಗುಡ್ಡದ ಮೇಲಿದೆ. ಮೂವರನ್ನೂ ಇಲ್ಲಿಂದ ತೆಗೀರಿ."

"ನೀವು ಈಗ ಇಲ್ಲೇ ಇದೀರಲ್ಲಮ್ಮ?"

"ಇದೀನಿ. ಇರಬೇಕು ಅಂದ್ಕೊಂಡಿಲ್ಲ."

ಅವರು ನನ್ನ ಮುಖ ನೋಡಿ, ಮೂರೂ ಹೆಸರಿನ ಮೇಲೆ ಗೆರೆ ಎಳೆದರು. ಸುಳ್ಳು ಹೇಳಲಿಲ್ಲ ನಾನು. ಅವರ ಎದುರಿಗೆ ಬಾಯಿಂದ ಬರುವವರೆಗೆ ನನಗೂ ಗೊತ್ತಿರಲಿಲ್ಲ, ಅಷ್ಟೇ. ಇಲ್ಲಿ ಜನಕ್ಕೆ ಬರವಿಲ್ಲ. ನಲ್ಲಿಯ ಹತ್ತಿರ ಭುಜಕ್ಕೆ ಭುಜ ತಾಗುತ್ತದೆ, ಬಸ್ಸಿನಲ್ಲಿ ಯಾರದೋ ಮೊಣಕೈ ನನ್ನ ಪಕ್ಕೆಯಲ್ಲಿರುತ್ತದೆ. ಆದರೂ ಊಟಕ್ಕೆ ಕೂತಾಗ ಚಿಣ್ಣಿ ಚಾಪೆಯ ಒಂದು ಬದಿ ಖಾಲಿ ಬಿಟ್ಟೇ ಕೂರುತ್ತಾಳೆ. ಯಾಕೆ ಎಂದು ಕೇಳಿದರೆ ಅವಳಿಗೂ ಗೊತ್ತಿಲ್ಲ.

ಆಫೀಸಿನಲ್ಲಿ ನಕ್ಷೆ ಮುಗಿದ ಕೂಡಲೇ ಬಿಡುತ್ತೇನೆ ಎಂದು ಹೇಳಿದ್ದೇನೆ. ಚಿಣ್ಣಿಯನ್ನು ನಾನೇ ಓದಿಸುತ್ತೇನೆ. ನಿಮ್ಮ ಐವತ್ತೊಂದು ಐವತ್ತೊಂದಾಗಿಯೇ ಇರಲಿ. ನಾವು ಬರುತ್ತೇವೆ.

ನಿಮ್ಮ,
ಬರುವವಳು


ನಗರ
ಮೇ 17

ದೊರೆಗಳಿಗೆ,

ನಿಮ್ಮ ಆರನೆಯ ತಾರೀಕಿನ ಕಾಗದ ಈಗ ಬಂತು. ನನ್ನದು ನಿಮ್ಮನ್ನು ತಲುಪಿರುತ್ತದೆ. ದಾರಿಯಲ್ಲಿ ಎಲ್ಲೋ ಎರಡೂ ಒಂದನ್ನೊಂದು ದಾಟಿ ಹೋಗಿವೆ.

ಮೊದಲು ಒಂದು ಮಾತು: ಹೊರಡಬೇಡಿ. ನಾನೂ ಹೊರಡುವುದಿಲ್ಲ. ನಾವು ಬಸ್ಸಿನಲ್ಲೂ ಹೀಗೇ ದಾಟಿ ಹೋದರೆ ಚಿಣ್ಣಿ ನಮ್ಮಿಬ್ಬರನ್ನೂ ಕ್ಷಮಿಸುವುದಿಲ್ಲ.

ಏನಾಯಿತೆಂದು ನಿಮಗೆ ಅರ್ಥವಾಗಿದೆ ತಾನೇ? ನೀವು ನಮ್ಮನ್ನು ಅಲ್ಲಿಂದ ತೆಗೆಸಿದಿರಿ, ಇಲ್ಲಿದ್ದೇವೆ ಎಂದು. ನಾನು ಇಲ್ಲಿಂದ ತೆಗೆಸಿದೆ, ಅಲ್ಲಿದ್ದೇವೆ ಎಂದು. ಎರಡೆರಡು ಸಲ ಇದ್ದ ನಾವು ಈಗ ಒಂದು ಸಲವೂ ಇಲ್ಲ. ದೇಶದ ಒಟ್ಟು ಜನಸಂಖ್ಯೆಯಲ್ಲಿ ಇಬ್ಬರು ಕಡಿಮೆ, ಆ ಇಬ್ಬರು ನಾನು ಮತ್ತು ಚಿಣ್ಣಿ.

ಮೇಲ್ವಿಚಾರಕಿಯ ಹತ್ತಿರ ಓಡಿದೆ. ಎಲ್ಲ ಕೇಳಿ ಕನ್ನಡಕವನ್ನು ಹಣೆಯಿಂದ ಮೂಗಿಗೆ ಇಳಿಸಿದರು. ಪಟ್ಟಿಗಳು ಕಟ್ಟಾಗಿ ಬೀಗ ಬಿದ್ದಿದೆ, ಇನ್ನು ಹತ್ತು ವರ್ಷಕ್ಕೇ. "ಪ್ರತಿ ಗಣತೀಲೂ ಸ್ವಲ್ಪ ಜನ ತಪ್ಪಿಹೋಗ್ತಾರಮ್ಮ. ಎಷ್ಟು ಅಂತ ಅಂದಾಜು ಸಿಗುತ್ತೆ, ಯಾರು ಅಂತ ಸಿಗಲ್ಲ. ಮೂವತ್ತು ವರ್ಷದ ಸರ್ವೀಸಲ್ಲಿ ಮುಖ ನೋಡಿದ್ದು ಇದೇ ಮೊದಲು" ಅಂದರು. ಆಮೇಲೆ ತಮ್ಮ ಡಬ್ಬಿಯ ಅರ್ಧ ಊಟ ನನ್ನ ಕಡೆಗೆ ತಳ್ಳಿದರು. "ತಿನ್ನು. ಲೆಕ್ಕದಲ್ಲಿ ಇಲ್ಲದೋರಿಗೂ ಹಸಿವಾಗುತ್ತೆ."

ಒಂದು ಊರಿನ ಜನ ಹೆಚ್ಚು ಕಡಿಮೆ ಆಗಲು ನಾಲ್ಕೇ ದಾರಿ ಎಂದು ಅವರು ಹೊಸಬರಿಗೆ ಪಾಠ ಹೇಳುತ್ತಾರೆ. ಹುಟ್ಟುವುದು, ಸಾಯುವುದು, ಬರುವುದು, ಹೋಗುವುದು. ನಾವು ಐದನೆಯದನ್ನು ಕಂಡುಹಿಡಿದೆವು ನೋಡಿ.

ಬೈಯಬೇಕೆಂದಿದ್ದೆ, ಆಗುತ್ತಿಲ್ಲ. ನೀವು ಬರಲು ಹೊರಟಿದ್ದಿರಿ. ಅದನ್ನೇ ಮತ್ತೆ ಮತ್ತೆ ಓದುತ್ತಿದ್ದೇನೆ.

ನಿಮ್ಮ,
ಎಲ್ಲೂ ಇಲ್ಲದವಳು


ಕೂಡುರಸ್ತೆ
ಜೂನ್ 12

ಎಲ್ಲೂ ಇಲ್ಲದವಳಿಗೆ,

ವಿಳಾಸ ನೋಡಿ ಗಾಬರಿಯಾಗಬೇಡ. ಲೈನು ಹೋಯಿತು. ತಂತಿ ಸುತ್ತಿಕೊಂಡು ಹೋಗುವವರು ಒಳ್ಳೆಯ ಹುಡುಗರು. ಕೊನೆಯ ಟ್ಯಾಂಕು ತುಂಬುವವರೆಗೆ ಕಂಬದ ಕೆಳಗೆ ಕೂತು ಕಾದರು. ಮೋಟರ್ ನಿಂತಾಗ ಗುಡ್ಡ ಇಷ್ಟು ನಿಶ್ಶಬ್ದವಾಗಿರುತ್ತದೆಂದು ನನಗೆ ಗೊತ್ತಿರಲಿಲ್ಲ. ಅಜ್ಜಿಯನ್ನು ಮಾತಿನ ಪ್ರಕಾರ ಹೊತ್ತುಕೊಂಡೇ ಇಳಿದೆ. "ಅಲುಗಾಡಿಸಬೇಡವೋ, ನಿನ್ನನ್ನ ನಾನು ಇದಕ್ಕಿಂತ ಹುಷಾರಾಗಿ ಎತ್ತಿಕೊಂಡಿದ್ದೆ" ಎಂದು ದಾರಿಯುದ್ದಕ್ಕೂ ಬೈದಳು.

ಕೆಲವರು ಮಕ್ಕಳ ಮನೆಗೆ, ಕೆಲವರು ನಗರಕ್ಕೆ ಹೋದರು. ಮಿಕ್ಕವರು ಬಂದದ್ದು ಇಲ್ಲಿಯವರೆಗೆ ಮಾತ್ರ. ನೀನು ಬಸ್ಸು ಬದಲಾಯಿಸಿದ ಜಾಗ ನೆನಪಿದೆಯಲ್ಲ, ಒಂದು ತಂಗುದಾಣ, ಗಣತಿ ಕಚೇರಿಯ ಶೆಡ್ಡು, ಟಿಕೇಟಿನವನ ಗೂಡು. ಈಗ ರಸ್ತೆಯ ಎರಡೂ ಬದಿ ಮನೆ ಏಳುತ್ತಿವೆ. ಮಾವ ಬೆಂಚು ಹಾಕಿ ಚಹಾ ಮಾರುತ್ತಿದ್ದಾರೆ. ಗಿರಾಕಿ "ಸಕ್ಕರೆ ಕಡಿಮೆ" ಅಂದರೆ ಬಲಗಿವಿ ತಿರುಗಿಸುತ್ತಾರೆ.

ಆ ಬೆಂಚು ಎಲ್ಲಿಯದು ಎಂದು ಕೇಳು. ಗಣತಿಯವರು ಖಾಲಿ ಮಾಡಿದ ಶೆಡ್ಡಿನಲ್ಲಿ ಈ ತಿಂಗಳು ಶಾಲೆ ಶುರುವಾಗಿದೆ, ಸುತ್ತಲಿನ ಮೂರು ಮುಚ್ಚಿದ ಶಾಲೆಗಳನ್ನು ಸೇರಿಸಿ. ಮಾವನ ಬೆಂಚು ಕಾಲು ಮುರಿದಿದೆಯೆಂದು ಅಲ್ಲಿಂದ ಹೊರಗೆಸೆದದ್ದು. ಒಳಗೆ ಇಣುಕಿ ನೋಡಿದೆ. ಎರಡನೇ ಸಾಲಿನಲ್ಲಿ ನಮ್ಮ ಗುಡ್ಡದ ಬೆಂಚಿದೆ, ಚಿಣ್ಣಿ ಕೈವಾರದಲ್ಲಿ ಕೊರೆದ ಮೀನು ಅದರ ಮೇಲಿದೆ. ಅದಕ್ಕೆ ನಾನು ಅವಳನ್ನು ಗದರಿಸಿದ್ದೆ.

ಇಲ್ಲಿ ಹೊಸ ಕೊಳವೆಬಾವಿ ಕೊರೆದಿದ್ದಾರೆ, ಪಂಪಿನವನು ಬೇಕು ಎಂದು ಕೇಳುತ್ತಿದ್ದಾರೆ. ಗೂಡಿನ ಹಿಂದೆ ಎರಡು ಕೋಣೆಯ ಮನೆ ಕೊಡುತ್ತಾರೆ. ನಗರದ ಬಸ್ಸು ಬೆಳಿಗ್ಗೆ ಹೋಗಿ ಸಂಜೆಗೆ ಬರುತ್ತದೆ. ನಾನು ಹೂಂ ಅಂದಿಲ್ಲ, ಊಹೂಂ ಎಂದೂ ಅಂದಿಲ್ಲ. ಈ ಸಲ ನಾನೊಬ್ಬನೇ ತೀರ್ಮಾನ ಮಾಡುವುದಿಲ್ಲ. ನೀನೂ ಮಾಡಬೇಡ.

ಇಂತಿ,
ಕಾದಿರುವವನು


ನಗರ
ಜುಲೈ 3

ದೊರೆಗಳಿಗೆ,

ತಡವಾಗಿದ್ದಕ್ಕೆ ಕಾರಣ ನಕ್ಷೆ. ಅದು ಅಚ್ಚಿಗೆ ಹೋಗುವ ಮೊದಲು ಉತ್ತರ ಬರೆಯಬಾರದೆಂದುಕೊಂಡಿದ್ದೆ.

ನಿಮ್ಮ ಕಡೆಯ ಹಾಳೆಯನ್ನು ಕೊನೆಗೆ ಉಳಿಸಿಕೊಂಡಿದ್ದೆ. ಗುಡ್ಡಕ್ಕೆ ನಲವತ್ತೊಂಬತ್ತು, ಚುಕ್ಕೆಯಿಲ್ಲ. ಅದರಾಚೆಯ ಸುಣ್ಣದ ಗೂಡಿನವರು ಹತ್ತಿರ ಹತ್ತಿರ ಮೂವತ್ತು, ತಗ್ಗಿನ ಕುರಿಹಟ್ಟಿಯವರು ಇಪ್ಪತ್ತು ಚಿಲ್ಲರೆ. ಕೂಡಿಸಿದರೆ ಎರಡು ಚುಕ್ಕೆ. ಪೆನ್ನು ಹಿಡಿದು ತುಂಬ ಹೊತ್ತು ಕೂತಿದ್ದೆನೆಂದು ಕಾಣುತ್ತದೆ, ಮೇಲ್ವಿಚಾರಕಿ ಹಿಂದೆ ಬಂದು ನಿಂತರು. ಮೂರೂ ಜಾಗದಿಂದ ಬರುವ ದಾರಿಗಳು ಸೇರುವ ಕಡೆ ಅವರೇ ಬೆರಳಿಟ್ಟರು. "ಇಲ್ಲಿಡು."

"ಗಣತಿ ದಿನ ಅಲ್ಲಿ ಯಾರೂ ಇರಲಿಲ್ಲ ಮೇಡಂ."

"ನಿಯಮ ಅದೇ ತಾನೇ? ಮಧ್ಯದಲ್ಲಿ ಎಲ್ಲಾದ್ರೂ."

ಕೂಡುರಸ್ತೆಯ ಮೇಲೆ ಎರಡು ಚುಕ್ಕೆ ಇಟ್ಟೆ, ಒಂದರ ಪಕ್ಕದಲ್ಲಿ ಒಂದು. ನಾನೂ ಚಿಣ್ಣಿಯೂ ಅದರಲ್ಲಿಲ್ಲ. ನೀವಿದ್ದೀರಿ, ಅಜ್ಜಿಯಿದ್ದಾರೆ, ಮಾವ ಇದ್ದಾರೆ, ಅತ್ತೆಯೂ ಇದ್ದಾರೆ, ಅವರ ಐವತ್ತು ವರ್ಷದ ಸಮೇತ.

ನಕ್ಷೆಯ ಕೆಲಸ ಮುಗಿಯಿತು. ವಾರಕ್ಕೆ ಎರಡು ದಿನ ಬಂದು ತಿದ್ದುವ ಕೆಲಸ ಮಾಡು ಎಂದಿದ್ದಾರೆ. ಬೆಳಗಿನ ಬಸ್ಸಿಗೆ ಬಂದು ಸಂಜೆಗೆ ಹಿಂತಿರುಗಬಹುದು. ಮನೆಯೊಡತಿಗೆ ಹೇಳಿಯಾಗಿದೆ. "ಆ ಮೂರನೆಯೋರನ್ನ ಕೊನೆಗೂ ತೋರಿಸಲೇ ಇಲ್ಲ ನೀನು" ಎಂದು ಕೊರಗಿದಳು.

ಪಂಪಿನ ಕೆಲಸಕ್ಕೆ ಹೂಂ ಅನ್ನಿ. ಭಾನುವಾರದ ಬಸ್ಸಿಗೆ ಬರುತ್ತೇವೆ. ಎಷ್ಟು ದಿನಕ್ಕೆ ಎಂದು ಕೇಳಬೇಡಿ. ಆರು ತಿಂಗಳಿಗಿಂತ ಹೆಚ್ಚು ಎಂದುಕೊಂಡಿದ್ದೇವೆ.

ನಿಮ್ಮ,
ಚುಕ್ಕೆಯವಳು

ಅಪ್ಪಾ, ನನ್ನ ಹಗ್ಗ ಗುಡ್ಡದ ಮೇಲೇ ಬಿಟ್ಟು ಬಂದಿಲ್ಲ ತಾನೇ? ನನ್ನ ಗೆಳತಿ ರಜೆಗೆ ಬರ್ತಾಳಂತೆ. ಯಾರನ್ನ ಕೇಳಿದ್ರೂ ಹೇಳ್ತಾರೆ, ನಮ್ಮನೆ ಬಸ್ ನಿಲ್ಲೋ ಜಾಗದಲ್ಲೇ ಇರೋದು ಅಂತ ಅವಳಿಗೆ ಹೇಳಿದೀನಿ. — ಚಿಣ್ಣಿ